ಬರಗಾಲಕ್ಕೊಂದು ಮೀನಿನ ಹಗೇವು

ಏಪ್ರಿಲ್ ಕಳೆಯುವ ಹೊತ್ತಿಗೆ ಬೀಳಗಿ ಸೀಮೆಯಲ್ಲಿ ನೀರು ತಳಕಂಡ ಯಾವುದಾದರೊಂದು ಹೊಂಡದ ದಂಡೆಗೆ ಬೆಳಗಿನ ಜಾವ ಹೋಗಿ ನಿಂತರೆ ಒಂದು ನೋಟ ಕಾಣಸಿಗುವುದುಂಟು. ಮೀನುಗಳೆಲ್ಲ ಮೇಲಕ್ಕೆ ಬಂದು, ಬಾಯಿಯನ್ನು ನೀರಿನ ಮೇಲಿಟ್ಟು, ಗುಳುಗುಳು ಸದ್ದು ಮಾಡುತ್ತಿರುತ್ತವೆ. ನೋಡಿದವರು ಅವುಗಳಿಗೆ ಹಸಿವಾಗಿದೆ ಎಂದು ಬಗೆದು ಒಂದು ಹಿಡಿ ಚುರುಮುರಿ ಎಸೆದು ಹೋಗುತ್ತಾರೆ. ಅದು ಕರುಣೆಯಿಂದ ಮಾಡಿದ ಕೆಲಸ. ಆದರೆ ಆ ಮೀನುಗಳಿಗೆ ಆಗಿರುವುದು ಹಸಿವಲ್ಲ, ಉಸಿರು ಕಟ್ಟಿದೆ. ತಿನ್ನದೆ ಉಳಿದ ಚುರುಮುರಿ ಕೊಳೆಯುತ್ತದೆ, ಕೊಳೆಯುವಾಗ ನೀರಿನಲ್ಲಿದ್ದ ಅಷ್ಟಿಷ್ಟು ಉಸಿರನ್ನೂ ಕಸಿದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ.

ಬರಗಾಲದಲ್ಲಿ ಮೀನಿಗೆ ತಾತ್ಪೂರ್ತಿಕ ಮನೆ ಕಟ್ಟಿಕೊಡುವುದು ಹೇಗೆ ಎಂಬುದು ಇಂದಿನ ವಿಷಯ. ಜನಕ್ಕೇ ಕುಡಿಯುವ ನೀರಿಲ್ಲದಾಗ ಮೀನಿನ ಚಿಂತೆ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಹೇಳುವ ಮೊದಲು ಈ ಭಾಗದ ನೀರಿನ ಸ್ವಭಾವವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು.

ಬಾಗಲಕೋಟೆ ಜಿಲ್ಲೆಗೆ ವರ್ಷಕ್ಕೆ ಬೀಳುವ ಸರಾಸರಿ ಮಳೆ 600 ಮಿಲಿಮೀಟರಿಗಿಂತಲೂ ಕಡಿಮೆ. ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ ಹರಿದಿದ್ದರೂ ನದಿಯಿಂದ ನಾಲ್ಕು ಮೈಲಿ ದೂರದ ಊರು ಮುಗಿಲನ್ನೇ ನೋಡಬೇಕು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ ಪಟ್ಟ ಪಾಡು ಚರಿತ್ರೆಯಲ್ಲಿ ದಾಖಲಾಗಿದೆ. 2019ರ ಬೇಸಿಗೆಯಲ್ಲಿ ಜಮಖಂಡಿ, ರಬಕವಿ-ಬನಹಟ್ಟಿ ಭಾಗದಲ್ಲಿ ಕೃಷ್ಣೆಯೇ ಬತ್ತಿತು. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ಕರ್ನಾಟಕ ಕೇಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಅದೇ ಊರುಗಳಿಗೆ ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರ ಘೋಷಿಸಿದಾಗ ಬಾಗಲಕೋಟೆ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಬರ ಎಂಬುದು ಇಲ್ಲಿ ಅಪರೂಪದ ಅತಿಥಿಯಲ್ಲ. ಆಗಾಗ ಬಂದು ಉಳಿದುಕೊಳ್ಳುವ ನೆಂಟ.

ಇಂಥ ಸೀಮೆಯ ಜನ ಬರಕ್ಕೆ ತಕ್ಕ ಏರ್ಪಾಡುಗಳನ್ನೂ ಕಲಿತಿದ್ದರು. ಅವುಗಳಲ್ಲಿ ದೊಡ್ಡದು ಹಗೇವು. ನೆಲದಲ್ಲಿ ಆಳವಾಗಿ ತೋಡಿದ ಕುಣಿ. ಒಳಗೋಡೆಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬರ ಬಂದಾಗ ತೆಗೆದು ಉಣ್ಣುತ್ತಿದ್ದರು. ಆದರೆ ಎಂಥ ಕಷ್ಟದಲ್ಲೂ ಬೀಜದ ಕಾಳಿಗೆ ಕೈ ಹಚ್ಚಬಾರದು ಎಂಬ ತಿಳಿವಳಿಕೆ ಒಕ್ಕಲುತನದ ಮನೆಯಲ್ಲಿತ್ತು. ಬರ ಹೋದ ಮೇಲೆ ಬಿತ್ತಲು ಬೀಜವಿಲ್ಲದಿದ್ದರೆ ಮಳೆ ಬಂದೂ ಬರ ಹೋಗಲಿಲ್ಲವೆಂದೇ ಅರ್ಥ.

ಮೀನಿನ ತಾತ್ಪೂರ್ತಿಕ ಮನೆಯನ್ನು ಅರ್ಥಮಾಡಿಕೊಳ್ಳಲು ಈ ಹಗೇವಿನ ಲೆಕ್ಕವೇ ಸಾಕು. ಬತ್ತುತ್ತಿರುವ ಹೊಂಡದ ಎಲ್ಲ ಮೀನನ್ನೂ ಉಳಿಸಲು ಆಗುವುದಿಲ್ಲ. ಉಳಿಸಬೇಕಾದ್ದು ಬೀಜವನ್ನು. ಉಳಿದದ್ದನ್ನು ಮೀನು ಗಟ್ಟಿಯಾಗಿರುವಾಗಲೇ ಹಿಡಿದು ಮಾರಬೇಕು, ಇಲ್ಲವೇ ಉಣ್ಣಬೇಕು. ಅನೇಕರು ಎಡವುವುದು ಇಲ್ಲಿಯೇ. ನಾಳೆ ಮಳೆ ಬಂದೀತು, ಇನ್ನೊಂದು ವಾರ ನೋಡೋಣ ಎಂದು ಕಾಯುತ್ತಾರೆ. ಬೇಸಿಗೆಯಲ್ಲಿ ಬಯಲುಸೀಮೆಯ ತೆರೆದ ನೀರು ದಿನಕ್ಕೆ 8ರಿಂದ 10 ಮಿಲಿಮೀಟರ್ ಆವಿಯಾಗಿ ಹೋಗುತ್ತದೆ. ಅಂದರೆ ಯಾರೂ ಒಂದು ಕೊಡ ನೀರು ಎತ್ತದಿದ್ದರೂ ತಿಂಗಳಿಗೆ ಸುಮಾರು ಒಂದು ಅಡಿ ನೀರನ್ನು ಬಿಸಿಲೇ ಕುಡಿಯುತ್ತದೆ. ಮೂರಡಿ ನೀರಿರುವಾಗ ಕೈಗೊಂಡ ನಿರ್ಧಾರಕ್ಕೂ ಒಂದಡಿ ನೀರಿರುವಾಗ ಕೈಗೊಂಡ ನಿರ್ಧಾರಕ್ಕೂ ಬಹಳ ಅಂತರವಿದೆ.

ಹಗೇವಿನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಮುಚ್ಚಿದ ಹಗೇವಿನ ಬಾಯಿ ತೆಗೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಎಂದು ತಿಳಿಯುತ್ತಿತ್ತು. ಈ ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡವರೂ ಉಂಟು. ಬತ್ತುವ ಹೊಂಡದ ಮೀನು ಸಾಯುವುದೂ ಹೀಗೆಯೇ. ನೀರು ಪೂರ್ತಿ ಮುಗಿಯುವುದಕ್ಕಿಂತ ಎಷ್ಟೋ ಮೊದಲು ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದಿರುತ್ತದೆ.

ಅದರ ಕಾರಣ ಸರಳವಾಗಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 35 ಡಿಗ್ರಿಗೆ ಏರಿದರೆ ಅದು ಸುಮಾರು 7 ಮಿಲಿಗ್ರಾಮಿಗೆ ಇಳಿಯುತ್ತದೆ. ಆದರೆ ಮೀನಿನ ಮೈ ಬಿಸಿಯಾದಂತೆ ಅದಕ್ಕೆ ಬೇಕಾಗುವ ಆಮ್ಲಜನಕ ಏರುತ್ತ ಹೋಗುತ್ತದೆ. ಆದಾಯ ಇಳಿದಾಗಲೇ ಖರ್ಚು ಹೆಚ್ಚಾದ ಸಂಸಾರದ ಸ್ಥಿತಿ ಅದು. ಗೆಂಡೆ ಜಾತಿಯ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ. 3ಕ್ಕಿಂತ ಕೆಳಗಿಳಿದರೆ ಸಂಕಟ ಶುರುವಾಗುತ್ತದೆ. ಹಗಲಿನಲ್ಲಿ ನೀರಿನ ಹಸಿರು ಪಾಚಿ ಬಿಸಿಲಿನ ಬಲದಿಂದ ಆಮ್ಲಜನಕ ತಯಾರಿಸಿ ಕೊಡುತ್ತದೆ. ರಾತ್ರಿ ಅದೇ ಪಾಚಿ ತಾನೂ ಉಸಿರಾಡಿ ಇದ್ದುದನ್ನು ಖಾಲಿ ಮಾಡುತ್ತದೆ. ಆದ್ದರಿಂದಲೇ ಸಂಕಟ ಕಾಣಿಸಿಕೊಳ್ಳುವುದು ನಡುಹಗಲಲ್ಲಲ್ಲ, ಬೆಳಗಿನ ಜಾವದಲ್ಲಿ.

ಎಲ್ಲ ಮೀನುಗಳ ಪಾಡೂ ಒಂದೇ ಅಲ್ಲ. ಕೊರವ ಮತ್ತು ಚೇಳುಮೀನುಗಳು ಮೇಲಿನ ಗಾಳಿಯನ್ನೇ ನೇರವಾಗಿ ಸೇವಿಸಬಲ್ಲವು. ಅದಕ್ಕಾಗಿ ಅವುಗಳಿಗೆ ಕಿವಿರಿನ ಜೊತೆಗೆ ಬೇರೆ ಅಂಗವೇ ಇದೆ. ಕೊರವ ಮೀನು ಹಸಿ ಕೆಸರಿನಲ್ಲಿ ಹುದುಗಿ ಬಹಳ ದಿನ ಜೀವ ಹಿಡಿದಿರುತ್ತದೆ. ಆಫ್ರಿಕದ ಶ್ವಾಸಕೋಶದ ಮೀನಂತೂ ಒಣಗಿದ ಮಣ್ಣಿನೊಳಗೆ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಇವು ತಮ್ಮ ಬರದ ಮನೆಯನ್ನು ತಾವೇ ಮಾಡಿಕೊಳ್ಳುವ ಜೀವಿಗಳು. ಆದರೆ ಇಲ್ಲಿಯ ಕೆರೆ, ಹೊಂಡಗಳಿಗೆ ಹೆಚ್ಚಾಗಿ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಆ ವಿದ್ಯೆ ಇಲ್ಲ. ಅವು ನದಿಯ ಮಕ್ಕಳು.

ನದಿಯ ಮೀನಿಗೆ ನದಿಯಲ್ಲೇ ಬೇಸಿಗೆ ಮನೆ ಇರುತ್ತದೆ. ಅದಕ್ಕೆ ಮಡು ಎನ್ನುತ್ತಾರೆ. ಹರಿವು ನಿಂತ ಮೇಲೂ ಆಳದ ಮಡುಗಳಲ್ಲಿ ತಂಪು ನೀರು ಉಳಿದು, ಸುತ್ತಲ ಮೀನೆಲ್ಲ ಅಲ್ಲಿ ಸೇರುತ್ತದೆ. ಮಲೆನಾಡಿನಲ್ಲೂ ಕರಾವಳಿಯ ಮಗ್ಗುಲಲ್ಲೂ ಇಂಥ ಕೆಲವು ನೆಲೆಗಳನ್ನು ಜನ ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ದೇವರ ಮೀನನ್ನು ಯಾರೂ ಹಿಡಿಯುವುದಿಲ್ಲ. ಆದರೆ ಎಲ್ಲ ಮೀನೂ ಒಂದೇ ಕಡೆ ಸೇರಿದಾಗ ಅಪಾಯವೂ ಒಂದೇ ಕಡೆ ಸೇರುತ್ತದೆ. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ಹೊಳೆಗೆ ವಿಷ ಹಾಕಿದ್ದರಿಂದ ಸಾವಿರಾರು ದೇವರ ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಮನುಷ್ಯ ಮಾಡುವ ತೊಟ್ಟಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಬೀಜದ ಮೀನನ್ನೆಲ್ಲ ಒಂದೇ ತೊಟ್ಟಿಯಲ್ಲಿ ಇಡಬಾರದು. ಎರಡಾಗಿ, ಮೂರಾಗಿ ಹಂಚಬೇಕು.

ಮೀನನ್ನು ಆರೈಕೆ ಮಾಡುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳ ಜಾತಿಗಳು, ಅವುಗಳಲ್ಲಿ ಹುರುಪೆ ಇರುವುವು ಇಲ್ಲದಿರುವುವು, ಯಾವುದಕ್ಕೆ ಯಾವ ತಿನಿಸು ಹಾಕಿ ಕೊಬ್ಬಿಸಬೇಕು ಎಂಬ ವಿವರಗಳೆಲ್ಲ ಅಲ್ಲಿವೆ. ದೊರೆಗೆ ಅದು ಗಾಳ ಹಾಕುವ ವಿನೋದವಾಗಿತ್ತು. ಇಂದು ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಕ್ಕೆ ಅದು ಹೊಟ್ಟೆಪಾಡಿನ ಪ್ರಶ್ನೆ. ಮರಿ ಬಿಟ್ಟ ವರ್ಷವೇ ಕೆರೆ ಬತ್ತಿದರೆ ಮರಿಯ ದುಡ್ಡೂ ಹೋಯಿತು, ಮುಂದಿನ ವರ್ಷ ಮರಿ ಕೊಳ್ಳಲು ಬೇಕಾದ ದುಡ್ಡೂ ಹೋಯಿತು.

ಮರಿಯನ್ನು ಕೊಳ್ಳಲೇಬೇಕೇ, ಉಳಿದ ಮೀನು ತಾನಾಗಿ ಮರಿ ಹಾಕುವುದಿಲ್ಲವೇ ಎಂದು ಕೇಳಬಹುದು. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮಳೆಗಾಲದಲ್ಲಿ ಉಕ್ಕಿ ಹರಿಯುವ ನದಿಯ ದಂಡೆಯೇ ಅವುಗಳ ಹೆರಿಗೆ ಮನೆ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧರಿ ಮತ್ತು ಡಾ. ಕೆ.ಎಚ್. ಅಲಿಕುಂಞಿ ಅವರು ಒಡಿಶಾದಲ್ಲಿ ಚುಚ್ಚುಮದ್ದಿನ ಮೂಲಕ ಈ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನುಕೃಷಿಕರ ದಿನವಾಗಿ ಆಚರಿಸುತ್ತಾರೆ. ಅಲ್ಲಿಂದಾಚೆಗೆ ಮರಿಗಳು ಉತ್ಪಾದನಾ ಕೇಂದ್ರಗಳಿಂದ ಬರುತ್ತವೆ. ಆದರೆ ಬರದ ವರ್ಷ ಆ ಕೇಂದ್ರಗಳಿಗೂ ನೀರಿನ ಕೊರತೆಯೇ. ಮಳೆ ತಡವಾಗಿ ಬಂದರೆ ಮರಿಯೂ ತಡ. ಹೀಗಿರುವಾಗ ಕೈಯಲ್ಲಿ ಬೆರಳುದ್ದದ ಮರಿಗಳನ್ನು ಉಳಿಸಿಕೊಂಡವನು ಒಂದು ವರ್ಷವನ್ನೇ ಉಳಿಸಿಕೊಂಡಂತೆ.

ಈಗ ಮನೆ ಕಟ್ಟುವ ಮಾತಿಗೆ ಬರೋಣ. ಹೊಂಡದ ಹತ್ತಿರ, ಮರದ ಅಥವಾ ಗೋಡೆಯ ನೆರಳಿನಲ್ಲಿ ಜಾಗ ಆರಿಸಬೇಕು. ಸಿಮೆಂಟ್ ತೊಟ್ಟಿ ಇದ್ದರೆ ಒಳ್ಳೆಯದು. ಹೊಸ ಸಿಮೆಂಟಾದರೆ ಸುಣ್ಣದ ಗುಣ ಹೋಗುವವರೆಗೆ ಹಲವು ಸಲ ನೀರು ತುಂಬಿ ಚೆಲ್ಲಬೇಕು. ತೊಟ್ಟಿ ಇಲ್ಲದಿದ್ದರೆ ಮೂರಡಿ ಆಳದ ಕುಣಿ ತೋಡಿ ದಪ್ಪ ತಾಡಪತ್ರಿ ಹಾಸಬಹುದು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ನಂತರ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಗಳು ಈ ಭಾಗಕ್ಕೆ ಹೊಸತಾಗಿ ಉಳಿದಿಲ್ಲ. ಅದರದೇ ಸಣ್ಣ ರೂಪ ಇದು. ಮೇಲೆ ಬಲೆ ಬಿಗಿಯಬೇಕು. ಹೊಸ ಜಾಗದಲ್ಲಿ ಮೀನು ಮೊದಲ ರಾತ್ರಿ ಜಿಗಿಯುತ್ತದೆ. ಬಲೆಯಿದ್ದರೆ ಕೊಕ್ಕರೆ ಮತ್ತು ಬೆಕ್ಕುಗಳ ಕಾಟವೂ ತಪ್ಪುತ್ತದೆ. ಬಲೆಯ ಅರ್ಧಭಾಗಕ್ಕೆ ಜೋಳದ ಕಣಿಕೆ ಹೊದಿಸಿದರೆ ಬಿಸಿಲೂ ತಡೆಯುತ್ತದೆ, ನೀರು ಆವಿಯಾಗುವುದೂ ಕಡಿಮೆಯಾಗುತ್ತದೆ.

ನೀರನ್ನು ಮೀನು ತರುವುದಕ್ಕೆ ಎರಡು ದಿನ ಮೊದಲೇ ತುಂಬಿಡಬೇಕು. ನಳದ ನೀರಿನಲ್ಲಿರುವ ಕ್ಲೋರಿನ್ ಕಿವಿರನ್ನು ಸುಡುತ್ತದೆ. ತೆರೆದ ತೊಟ್ಟಿಯಲ್ಲಿ ಬಿಸಿಲಿಗೆ ಒಂದೆರಡು ದಿನ ಬಿಟ್ಟರೆ ಅದು ಹಾರಿಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ಆಮ್ಲಜನಕ ಕಡಿಮೆ. ಅದನ್ನು ಎತ್ತರದಿಂದ ಬೀಳಿಸಿ ತುಂಬಬೇಕು. ಹಳೆಯ ಹೊಂಡದ ತಿಳಿನೀರನ್ನು ಒಂದು ಪಾಲು ಬೆರೆಸಿದರೆ ಮೀನಿಗೆ ಹೊಸ ಮನೆ ಅಷ್ಟು ಹೊಸದೆನಿಸದು.

ಎಷ್ಟು ಮೀನು ಇಡಬಹುದು? ಹತ್ತಡಿ ಅಗಲದ, ಮೂರಡಿಗೆ ತುಸು ಹೆಚ್ಚು ಆಳದ ದುಂಡನೆಯ ತೊಟ್ಟಿ ಸುಮಾರು 7,000 ಲೀಟರ್ ನೀರು ಹಿಡಿಯುತ್ತದೆ. ಗಾಳಿ ಊದುವ ಪಂಪು ಇಲ್ಲದಿದ್ದರೆ 1,000 ಲೀಟರಿಗೆ ಒಂದು ಕಿಲೋ ಮೀನು ಎಂಬ ಲೆಕ್ಕ ಕ್ಷೇಮ. ಅಂದರೆ ಏಳು ಕಿಲೋ. ಕೇಳಲು ಬಹಳ ಕಡಿಮೆ ಎನಿಸುತ್ತದೆ. ಏಳು ಕಿಲೋ ದೊಡ್ಡ ಮೀನೆಂದರೆ ಏಳೇ ಏಳು ಮೀನು. ಅದೇ ಹತ್ತು ಗ್ರಾಮಿನ ಮರಿಗಳಾದರೆ 700. ಹೆಕ್ಟೇರಿಗೆ 5,000 ಮರಿ ಎಂಬ ರೂಢಿಯ ಲೆಕ್ಕದಲ್ಲಿ 21 ಮೀಟರ್ ಚೌಕದ ಒಂದು ಕೃಷಿ ಹೊಂಡಕ್ಕೆ ಬೇಕಾಗುವುದು ಸುಮಾರು 220 ಮರಿ. ಒಂದು ತೊಟ್ಟಿಯ ಮರಿ ಮೂರು ಹೊಂಡಗಳಿಗೆ ಬೀಜವಾಯಿತು. ದೊಡ್ಡದನ್ನು ಮಾರಿ ಸಣ್ಣದನ್ನು ಉಳಿಸಬೇಕು ಎನ್ನುವುದು ಇದಕ್ಕಾಗಿಯೇ.

ಮೀನನ್ನು ಸಾಗಿಸುವುದು ಬೆಳಗಿನ ತಂಪಿನಲ್ಲಿ ಅಥವಾ ಸಂಜೆ. ಹಿಂದಿನ ದಿನ ತಿನಿಸು ಹಾಕಬಾರದು. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ. ಹತ್ತು ಲೀಟರ್ ನೀರಿಗೆ 30 ಗ್ರಾಂ ಹರಳುಪ್ಪು ಹಾಕಿದರೆ ಮೀನಿನ ದಣಿವು ಕಡಿಮೆಯಾಗುತ್ತದೆ. ತಂದ ಮೀನನ್ನು ಒಮ್ಮೆಗೇ ಸುರಿಯಬಾರದು. ಕೊಡವನ್ನೋ ಚೀಲವನ್ನೋ ತೊಟ್ಟಿಯಲ್ಲಿ ತೇಲಬಿಟ್ಟು, ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರು ಬೆರೆಸುತ್ತ, ಎರಡರ ಬಿಸಿಯೂ ಒಂದಾದ ಮೇಲೆ ಮೀನು ತಾನಾಗಿ ಹೊರಬರಲು ಬಿಡಬೇಕು.

ಆಮೇಲಿನ ಕೆಲಸ ಕೈ ಬಿಗಿಹಿಡಿಯುವುದು. ಮೊದಲ ಎರಡು ಮೂರು ದಿನ ತಿನಿಸೇ ಬೇಡ. ಮೀನು ತಿಂದದ್ದರ ಕಶ್ಮಲ ಅಮೋನಿಯಾ ರೂಪದಲ್ಲಿ ಕಿವಿರಿನಿಂದಲೇ ಹೊರಬೀಳುತ್ತದೆ. ದೊಡ್ಡ ಕೆರೆಯಲ್ಲಿ ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ಇರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಆಗಾಗ ತಳದ ನೀರನ್ನು ಹತ್ತನೇ ಒಂದು ಪಾಲಿನಷ್ಟು ತೆಗೆದು ಹೊಸದನ್ನು ತುಂಬಬೇಕು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಟ್ಟರೆ ತಿನಿಸು ನಿಲ್ಲಿಸಿ ನೀರನ್ನು ಕಲಕಬೇಕು. ಕರೆಂಟು ಹೋಗಿ ಪಂಪು ನಿಂತರೆ ಕೊಡದಿಂದ ನೀರೆತ್ತಿ ಎತ್ತರದಿಂದ ಮತ್ತೆ ಅದರಲ್ಲೇ ಸುರಿಯಬೇಕು. ಮನೆಯ ಹುಡುಗರು ಸರದಿಯ ಮೇಲೆ ಮಾಡಬಹುದಾದ ಕೆಲಸವಿದು.

ಹಸಿದ ಮರಿ ಕೆಟ್ಟುಹೋಗುವುದಿಲ್ಲವೇ ಎಂಬ ಅನುಮಾನ ಸಹಜ. ಮೀನು ಸಾಕಣೆಯವರು ಬಲ್ಲ ಒಂದು ಸಂಗತಿ ಇಲ್ಲಿ ಸಮಾಧಾನ ತರುತ್ತದೆ. ಇಕ್ಕಟ್ಟಿನಲ್ಲಿ, ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬೆಳೆಯದೆ ಉಳಿದ ಗೆಂಡೆ ಮರಿಗಳನ್ನು ವಿಶಾಲವಾದ ನೀರಿಗೆ ಬಿಟ್ಟಾಗ ಅವು ಹಿಂದುಳಿದದ್ದನ್ನೂ ಸೇರಿಸಿಕೊಂಡು ರಭಸದಿಂದ ಬೆಳೆಯುತ್ತವೆ. ಆಂಧ್ರದ ಮೀನು ಸಾಕಣೆಗಾರರು ಬೇಕೆಂದೇ ಹೀಗೆ ಕುಳ್ಳಾಗಿಸಿದ ಮರಿಗಳನ್ನು ಕೊಂಡು ಬಿಡುತ್ತಾರೆ. ಬರದ ತೊಟ್ಟಿಯಲ್ಲಿ ಕಳೆದ ಮೂರು ನಾಲ್ಕು ತಿಂಗಳು ಹಾಗೆ ನೋಡಿದರೆ ಪೂರ್ತಿ ನಷ್ಟವಲ್ಲ.

ಈಗ ಮೊದಲಿನ ಪ್ರಶ್ನೆ. ಜನಕ್ಕೂ ದನಕ್ಕೂ ನೀರಿಲ್ಲದಾಗ ಮೀನಿಗೆ ನೀರು ಕೊಡುವುದು ನ್ಯಾಯವೇ? ಕುಡಿಯುವ ನೀರನ್ನು ಟ್ಯಾಂಕರಿನಿಂದ ತರಿಸಿಕೊಳ್ಳುವ ಊರಿನಲ್ಲಿ ಆ ನೀರನ್ನು ಮೀನಿನ ತೊಟ್ಟಿಗೆ ಹಾಕುವುದು ಖಂಡಿತ ನ್ಯಾಯವಲ್ಲ. ಜನ ಕುಡಿಯುವ ಬಾವಿಗೆ ಮೀನು ತಂದು ಸುರಿಯುವುದೂ ಸರಿಯಲ್ಲ. ಆದರೆ ಮೀನಿನ ತೊಟ್ಟಿಗೆ ಮೊದಲ ಸಲ ತುಂಬುವ ನೀರು ಆ ಹೊಂಡದ್ದೇ ಆಗಬಹುದು. ಹೇಗೂ ಒಂದೆರಡು ತಿಂಗಳಲ್ಲಿ ಬಿಸಿಲಿಗೆ ಹೋಗಲಿದ್ದ ನೀರು ಅದು. ಆಮೇಲೆ ಹತ್ತಡಿ ಅಗಲದ ತೊಟ್ಟಿಯಿಂದ ದಿನಕ್ಕೆ ಆರಿಹೋಗುವುದು ಅರವತ್ತು ಎಪ್ಪತ್ತು ಲೀಟರ್, ಅಂದರೆ ನಾಲ್ಕೈದು ಕೊಡ. ನೆರಳಿದ್ದರೆ ಇನ್ನೂ ಕಡಿಮೆ. ಬದಲಿಸಿದ ನೀರೂ ವ್ಯರ್ಥವಲ್ಲ. ಮೀನಿನ ಕಶ್ಮಲ ಸೇರಿದ ಆ ನೀರು ಬಾಳೆಗೋ ಕರಿಬೇವಿಗೋ ಒಳ್ಳೆಯ ಗೊಬ್ಬರ. ಆ ನಾಲ್ಕೈದು ಕೊಡವೂ ಹುಟ್ಟದ ಊರಾದರೆ ಅಲ್ಲಿ ತೊಟ್ಟಿ ಕಟ್ಟಬಾರದು. ಮೀನನ್ನು ಮೊದಲೇ ಹಿಡಿದು ಮಾರಿ, ಮರಿಗಳನ್ನು ನೀರಿರುವ ನೆರೆಯೂರಿನವರಿಗೆ ಕೊಟ್ಟು, ಮಳೆ ಬಂದ ಮೇಲೆ ಪಾಲು ಕೇಳುವುದು ಲೇಸು.

ಹೀಗೆ ಕೂಡಿ ಮಾಡುವ ಪದ್ಧತಿ ಈ ಸೀಮೆಗೆ ತಿಳಿಯದ್ದಲ್ಲ. ಬೇಸಿಗೆಗೆ ನದಿಯಲ್ಲಿ ಒಂದಿಷ್ಟು ನೀರು ನಿಲ್ಲಲೆಂದು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಮ್ಮದೇ ದುಡ್ಡು, ದುಡಿಮೆ ಹಾಕಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. 1989ರಲ್ಲಿ ಮುಗಿದ ಆ ಕೆಲಸಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರು ಬಂತು. ನದಿಯನ್ನೇ ಹಿಡಿದು ನಿಲ್ಲಿಸಿದ ಜನಕ್ಕೆ ನಾಲ್ಕು ಮನೆ ಕೂಡಿ ಒಂದು ತೊಟ್ಟಿ ಕಾಯುವುದು ದೊಡ್ಡ ಮಾತಲ್ಲ. ಊರಿನ ಆರೋಗ್ಯಕ್ಕೂ ಇದರ ಉಪಯೋಗವಿದೆ. ಸೊಳ್ಳೆಯ ಮರಿ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ಮಲೇರಿಯಾ ತಡೆಯಲು ರಾಜ್ಯದಲ್ಲಿ ಬಾವಿ, ಹೊಂಡಗಳಿಗೆ ಬಿಟ್ಟಿದ್ದಾರೆ. ಅವುಗಳ ಬೀಜವನ್ನು ಕಾಯ್ದಿಡುವುದೂ ಇಂಥ ಸಣ್ಣ ತೊಟ್ಟಿಗಳಲ್ಲೇ.

ಮೀನು ಖಾಲಿಯಾದ ಹೊಂಡ ಒಣಗಿದರೆ ಮರುಗಬೇಕಾಗಿಲ್ಲ. ಹೂಳನ್ನು ಎತ್ತಿ ಹೊಲಕ್ಕೆ ಹಾಕಲು ಅದೇ ಸಮಯ. ಬಿಸಿಲಿಗೆ ತಳ ಬಿರಿದರೆ ರೋಗದ ಜೀವಿಗಳೂ ಮರಿ ತಿನ್ನುವ ಬೇಡದ ಮೀನುಗಳೂ ಹೋಗುತ್ತವೆ. ಮಳೆ ಬಂದ ದಿನವೇ ಮೀನನ್ನು ಮರಳಿ ಬಿಡುವ ಆತುರ ಮಾತ್ರ ಬೇಡ. ಮೊದಲ ನೀರು ಹೊಲದ ಕೆಸರು, ಔಷಧಿಯ ಶೇಷ ಎಲ್ಲವನ್ನೂ ಹೊತ್ತು ತರುತ್ತದೆ. ಎರಡು ವಾರ ತಿಳಿಯಾಗಲು ಬಿಟ್ಟು, ಮೊದಲು ನಾಲ್ಕು ಮರಿಗಳನ್ನು ಬಲೆಯ ಬುಟ್ಟಿಯಲ್ಲಿ ಇಳಿಸಿ ಒಂದು ರಾತ್ರಿ ನೋಡಬೇಕು. ಹಗೇವಿಗೆ ಇಳಿಯುವ ಮುನ್ನ ಹಿರಿಯರು ದೀಪ ಇಳಿಬಿಡುತ್ತಿದ್ದ ಹಾಗೆ. ಬೆಳಿಗ್ಗೆ ಆ ನಾಲ್ಕೂ ಚುರುಕಾಗಿ ಓಡಾಡುತ್ತಿದ್ದರೆ ಅಂದು ಸಂಜೆ ಉಳಿದವನ್ನೂ ಹೊಂಡಕ್ಕೆ ಬಿಡಬಹುದು.